ಹಳೆಯ ಕಂಪ್ಯೂಟರಿಗೆ ನಿಸ್ತಂತು ಸಂಪರ್ಕ: ಕೊಳ್ಳುವ ಮೊದಲು ನೋಡತಕ್ಕ ಸಂಗತಿಗಳು

ನಮ್ಮ ಸದಸ್ಯರಲ್ಲಿ ಅನೇಕರ ಮನೆಯಲ್ಲಿ ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡ ಕಂಪ್ಯೂಟರೊಂದು ಇಂದಿಗೂ ಉಂಟು. ಕೆಲಸಗಾರರ ಬಟವಾಡೆ ಲೆಕ್ಕ, ಅಡಿಕೆ ಮಂಡಿಯ ಪಟ್ಟಿ, ನುಡಿಯಲ್ಲಿ ಬರೆದಿಟ್ಟ ಪತ್ರಗಳು ಎಲ್ಲವೂ ಅದರಲ್ಲೇ ಇವೆ. ಯಂತ್ರ ಚೆನ್ನಾಗಿಯೇ ಓಡುತ್ತಿದೆ. ಆದರೆ ಅದರೊಳಗೆ ವೈಫೈ ಇಲ್ಲ. ಈಚೆಗೆ ಮನೆಗೆ ಫೈಬರ್ ಬಂದು ರೌಟರು ಜಗಲಿಯಲ್ಲಿ ಕುಳಿತಿದೆ, ಕಂಪ್ಯೂಟರು ಒಳಕೋಣೆಯಲ್ಲೋ ಕಾಫಿ ಗೋದಾಮಿನ ಮಗ್ಗುಲಲ್ಲೋ ಇದೆ. ಇವೆರಡನ್ನೂ ಕೂಡಿಸುವುದು ಹೇಗೆಂದು ಸಂಘದ ಕಚೇರಿಯಲ್ಲಿ ವಿಚಾರಿಸುವವರು ಹೆಚ್ಚಾಗಿರುವುದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ತಂತಿ ಎಳೆದರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಒಂದೇ ಮಾಡಿನ ಕೆಳಗಾದರೆ ಅದೇ ಉತ್ತಮ, ಖರ್ಚೂ ಕಡಿಮೆ. ಲ್ಯಾನ್ ತಂತಿ 100 ಮೀಟರಿನವರೆಗೆ ನಡೆಯುತ್ತದೆ. ಆದರೆ ಅಂಗಳ ದಾಟಿಸಿ ಗೋದಾಮಿಗೆ ತಾಮ್ರದ ತಂತಿ ಒಯ್ಯುವುದನ್ನು ನಾವು ಒಪ್ಪುವುದಿಲ್ಲ. ಮುಂಗಾರಿನ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲು ಹತ್ತಿರದ ತೆಂಗಿನ ಮರಕ್ಕೆ ಹೊಡೆದರೂ ಸಾಕು, ಅಂಥ ಉದ್ದ ತಂತಿಯಲ್ಲಿ ವಿದ್ಯುತ್ತು ಉಕ್ಕಿ ಎರಡು ತುದಿಯ ಯಂತ್ರಗಳನ್ನೂ ಸುಡಬಲ್ಲದು. ನಿಸ್ತಂತಿಗೆ ಈ ಬಾಧೆಯಿಲ್ಲ. (ಕರೆಂಟಿನ ತಂತಿಯಲ್ಲಿ ಬರುವ ಸಿಡಿಲಿಗೆ ಮಾತ್ರ ಪ್ಲಗ್ ಕಿತ್ತಿಡುವುದೇ ಮದ್ದು.) ಲೈಸೆನ್ಸಿನ ಚಿಂತೆಯೂ ಬೇಡ, ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಭಾರತ ಸರ್ಕಾರ 2005ರಲ್ಲೇ ವಿನಾಯಿತಿ ಕೊಟ್ಟಿದೆ.

ಹಳೆಯ ಯಂತ್ರಕ್ಕೆ ವೈಫೈ ಕೊಡಲು ಸಾಮಾನ್ಯವಾಗಿ ಕೊಳ್ಳುವುದು ಹೆಬ್ಬೆರಳಿನಷ್ಟು ಇರುವ ಯು.ಎಸ್.ಬಿ. ಅಡಾಪ್ಟರನ್ನು. ದುಡ್ಡು ವ್ಯರ್ಥವಾಗುವುದೂ ಇಲ್ಲಿಯೇ. ಕಂಪ್ಯೂಟರು ಒಂದು ಕಂಪನಿಯದು, ಅಡಾಪ್ಟರು ಇನ್ನೊಂದರದು, ವಿಂಡೋಸ್ ಮೂರನೆಯವರದು. ಈ ಮೂವರಿಗೂ ಮಾತು ಕೂಡಿಸುವ ದುಭಾಷಿಯಂಥ ಒಂದು ತಂತ್ರಾಂಶ ಬೇಕು. ಅದಕ್ಕೆ ಡ್ರೈವರ್ ಎನ್ನುತ್ತಾರೆ. (ಜೀಪಿನ ಡ್ರೈವರಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಇಲ್ಲದಿದ್ದರೆ ಗಾಡಿ ಹೊರಡದಿರುವುದು ಎರಡರಲ್ಲೂ ಒಂದೇ.) ಹೊಸ ಅಡಾಪ್ಟರುಗಳಲ್ಲಿ ಹಲವಕ್ಕೆ ವಿಂಡೋಸ್ 10 ಮತ್ತು 11ಕ್ಕೆ ಮಾತ್ರ ಡ್ರೈವರ್ ಇರುತ್ತದೆ. ನಿಮ್ಮದು ವಿಂಡೋಸ್ 7 ಆಗಿದ್ದರೆ ಡಬ್ಬಿಯ ಮೇಲೆ ಅದರ ಹೆಸರು ಇದೆಯೇ ಎಂದು ಓದಿಯೇ ಹಣ ಕೊಡತಕ್ಕದ್ದು. 32 ಬಿಟ್, 64 ಬಿಟ್ ಎಂಬ ಭೇದವೂ ಹೊಂದಬೇಕು.

ಮಾದರಿಯ ಹೆಸರನ್ನಷ್ಟೇ ನಂಬುವಂತಿಲ್ಲ. ಟಿಪಿ-ಲಿಂಕ್ ಕಂಪನಿಯ ಟಿ.ಎಲ್.-ಡಬ್ಲ್ಯು.ಎನ್.722ಎನ್ ಎಂಬ ಪ್ರಸಿದ್ಧ ಅಡಾಪ್ಟರನ್ನೇ ನೋಡಿ. ಮೊದಲ ಆವೃತ್ತಿಯಲ್ಲಿ ಅಥೆರಾಸ್ ಚಿಪ್ ಇತ್ತು, ಎರಡನೆಯದರಿಂದ ರಿಯಲ್‌ಟೆಕ್ ಚಿಪ್ ಬಂತು. ಹೆಸರು ಮಾತ್ರ ಅದೇ. ಲಿನಕ್ಸ್ ಬಳಸುವವರಿಗೆ ಮೊದಲನೆಯದು ಚುಚ್ಚಿದೊಡನೆ ನಡೆಯುತ್ತಿತ್ತು, ಎರಡನೆಯದಕ್ಕೆ ಅನೇಕರು ಡ್ರೈವರನ್ನು ಬೇರೆ ಹುಡುಕಬೇಕಾಯಿತು. ಆದುದರಿಂದ ಮಾದರಿಯ ಜೊತೆಗೆ ಆವೃತ್ತಿಯ ಸಂಖ್ಯೆಯನ್ನೂ ನೋಡಬೇಕು.

ಡ್ರೈವರನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ಟಿಗೆ ಡ್ರೈವರ್ ಬೇಕು ಎಂಬ ಇಕ್ಕಟ್ಟು ಬಹುಮಂದಿಗೆ ಎದುರಾಗುತ್ತದೆ. ಬೇರೆ ಕಂಪ್ಯೂಟರಿನಲ್ಲಿ, ಕಂಪನಿಯ ಸ್ವಂತ ತಾಣದಿಂದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ತಂದರಾಯಿತು. ಸಿಕ್ಕಸಿಕ್ಕ ತಾಣದ ‘ಉಚಿತ ಡ್ರೈವರ್’ ಖಂಡಿತ ಬೇಡ. ಅದರ ಬೆನ್ನಿಗೆ ವೈರಸ್ಸು ಬರುವುದುಂಟು.

ಡ್ರೈವರೇ ಸಿಗದ ಎಕ್ಸ್‌ಪಿ ಕಾಲದ ಯಂತ್ರವಾದರೆ? ಇದಕ್ಕೆ ನಾವು ಮೆಚ್ಚುವ ಉಪಾಯ ಬೇರೆ. ಲ್ಯಾನ್ ಕಿಂಡಿ ಇರುವ ವೈಫೈ ಎಕ್ಸ್‌ಟೆಂಡರ್ ಎಂಬ ಚಿಕ್ಕ ಪೆಟ್ಟಿಗೆ ಸಿಗುತ್ತದೆ. ಅದನ್ನು ಕಂಪ್ಯೂಟರಿನ ಪಕ್ಕದ ಪ್ಲಗ್ಗಿಗೆ ಹಾಕಿ, ಮೊಬೈಲಿನಿಂದ ಮನೆಯ ವೈಫೈಗೆ ಜೋಡಿಸಿ, ಅಲ್ಲಿಂದ ಗೇಣುದ್ದದ ಲ್ಯಾನ್ ತಂತಿಯನ್ನು ಕಂಪ್ಯೂಟರಿಗೆ ಕೊಡುವುದು. ನಿಸ್ತಂತಿನ ಕೆಲಸವೆಲ್ಲ ಪೆಟ್ಟಿಗೆಯದು. ಕಂಪ್ಯೂಟರಿಗೆ ಕಾಣುವುದು ಮಾಮೂಲು ತಂತಿ. ಹೊಸ ಡ್ರೈವರಿನ ಮಾತೇ ಇಲ್ಲ. ಅಡಾಪ್ಟರಿಗಿಂತ ಬೆಲೆ ಹೆಚ್ಚಾದರೂ ಮುಂದೆ ಬೇರೆ ಯಂತ್ರ ಕೊಂಡಾಗಲೂ ಉಪಯೋಗಕ್ಕೆ ಬರುತ್ತದೆ.

ಎಲ್ಲ ಸರಿಯಿದ್ದೂ ವೈಫೈ ಹೆಸರು ಪರದೆಯಲ್ಲಿ ಕಾಣದಿದ್ದರೆ ಅಡಾಪ್ಟರನ್ನು ಬೈಯುವ ಮೊದಲು ರೌಟರನ್ನು ನೋಡಿ. ಅಗ್ಗದ ಅಡಾಪ್ಟರುಗಳಲ್ಲಿ ಬಹಳಷ್ಟಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ತಿಳಿಯುತ್ತದೆ, 5 ತಿಳಿಯದು. ನಮ್ಮ ಮನೆಗಳ ಜಂಬಿಟ್ಟಿಗೆ ಗೋಡೆ ದಾಟಲು ಹೇಗೂ 2.4ರದೇ ಮೇಲುಗೈ. ರೌಟರು ತಾನಾಗಿ 12 ಅಥವಾ 13ನೆಯ ಚಾನೆಲ್ ಹಿಡಿದಿದ್ದರೆ ಅಮೆರಿಕದ ನಿಯಮಕ್ಕೆ ಹೊಂದಿಸಿದ ಅಡಾಪ್ಟರಿಗೆ ಅದು ಕಾಣಿಸದು. 1, 6, 11ರಲ್ಲಿ ಒಂದಕ್ಕೆ ನಿಲ್ಲಿಸಬೇಕು. ಭದ್ರತೆ ಡಬ್ಲ್ಯು.ಪಿ.ಎ.3 ಎಂದಷ್ಟೇ ಇದ್ದರೆ ಹಳೆಯ ಉಪಕರಣ ಒಳಗೆ ಬರಲಾರದು, ಡಬ್ಲ್ಯು.ಪಿ.ಎ.2 ಇರಲಿ. ಅದಕ್ಕಿಂತ ಕೆಳಗಿನ ವೆಪ್ ಮಾತ್ರ ಬೇಡ. ಅದರ ಬೀಗ 2001ರಲ್ಲೇ ಮುರಿದುಬಿದ್ದಿದೆ. ತಗಡಿನ ಮಾಡು, ಗಾಡ್ರೆಜ್ ಬೀರು, ಕಂಪ್ಯೂಟರಿನದೇ ಲೋಹದ ಡಬ್ಬ ಇವೆಲ್ಲ ತರಂಗವನ್ನು ತಡೆಯುತ್ತವೆ. ಅಡಾಪ್ಟರನ್ನು ಡಬ್ಬದ ಹಿಂಬದಿಗೆ ಚುಚ್ಚದೆ ಮೀಟರುದ್ದದ ಯು.ಎಸ್.ಬಿ. ತಂತಿ ಸೇರಿಸಿ ಮೇಜಿನ ಮೇಲೆ ತಂದಿಟ್ಟರೆ ಎಷ್ಟೋ ವ್ಯತ್ಯಾಸ ಕಾಣುತ್ತದೆ.

ಇನ್ನೊಂದು ಚಿಕ್ಕ ಸಂಗತಿ. ಸಂಪರ್ಕ ಬಂದರೂ ತಾಣಗಳು ತೆರೆಯದೆ ‘ಸುರಕ್ಷಿತವಲ್ಲ’ ಎಂದು ತೋರಿಸಿದರೆ ಮೂಲೆಯ ಗಡಿಯಾರ ನೋಡಿ. ತಾರೀಖು ಹತ್ತು ವರ್ಷ ಹಿಂದಿನದಾಗಿದ್ದರೆ ಒಳಗಿನ ಬಿಲ್ಲೆ ಬ್ಯಾಟರಿ ಸತ್ತಿದೆ. ಸಿ.ಆರ್.2032 ಎಂದು ಕೇಳಿ ತಂದು ಹಾಕಿಸಿ.

ಹಣಕಾಸಿನ ವಿಷಯದಲ್ಲಿ ನಮ್ಮದು ಬಿಗಿಯಾದ ಅಭಿಪ್ರಾಯ. ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರಿನಲ್ಲಿ ಮುಗಿಯಿತು. ಹೊಸದಾಗಿ ಕಂಡುಬರುವ ದೋಷಗಳಿಗೆ ಈ ಹಳೆಯ ಎರಡರಲ್ಲಿ ದುರಸ್ತಿಯೇ ಇಲ್ಲ. ಅವುಗಳಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಒತ್ತುವುದು ಕೊಯ್ಲಿನ ಕಾಲದಲ್ಲಿ ಗೋದಾಮಿಗೆ ಬೀಗ ಹಾಕದೆ ಮಲಗಿದಂತೆ. ಬ್ಯಾಂಕಿನ ಕೆಲಸ ಬೇರೆ ಯಂತ್ರದಲ್ಲಿ ನಡೆಯಲಿ. ಹಳೆಯದನ್ನು ಜಾಲಕ್ಕೆ ಜೋಡಿಸುವ ಮೊದಲು ಲೆಕ್ಕದ ಕಡತಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದು ಕಪಾಟಿನಲ್ಲಿಡಿ.

ಇನ್ನೂ ಸಂದೇಹವಿದ್ದವರು ವಿಂಡೋಸಿನ ಸಂಖ್ಯೆ, 32 ಬಿಟ್ಟೋ 64 ಬಿಟ್ಟೋ ಎಂಬುದು, ಕೊಳ್ಳಬೇಕೆಂದಿರುವ ಅಡಾಪ್ಟರಿನ ಮಾದರಿ ಮತ್ತು ಆವೃತ್ತಿ ಇಷ್ಟನ್ನು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ತಂದರೆ ಕೊಳ್ಳುವ ಮೊದಲೇ ನೋಡಿ ಹೇಳುತ್ತೇವೆ.