ಒಂದು ರಾತ್ರಿ, ಎರಡು ಮೇಳ: ಜೋಡಾಟ ಮತ್ತು ಕೂಡಾಟ

ಸವಳಂಗ: ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ಸವಳಂಗದ ಬಳಿ ನ್ಯಾಮತಿ, ಹೊನ್ನಾಳಿ ಕಡೆಯ ರಸ್ತೆ ಕವಲೊಡೆಯುತ್ತದೆ. ಪಶ್ಚಿಮಕ್ಕೆ ಹೋದರೆ ಮಲೆನಾಡು, ಪೂರ್ವಕ್ಕೆ ಹೊರಳಿದರೆ ಬಯಲುಸೀಮೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಹೊನ್ನಾಳಿ ತಾಲ್ಲೂಕಿನೊಂದಿಗೆ ಈ ಊರೂ ಶಿವಮೊಗ್ಗ ಜಿಲ್ಲೆಯಿಂದ ಬೇರ್ಪಟ್ಟಿತು. ಆದರೆ ಆಟ ನೋಡುವ ಅಭಿರುಚಿಗೆ ಜಿಲ್ಲೆಯ ಗಡಿ ಅಡ್ಡ ಬರುವುದಿಲ್ಲ. ಬಯಲಿನ ಕಡೆ ದೊಡ್ಡಾಟವಾದರೆ, ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಬಡಗುತಿಟ್ಟಿನ ಯಕ್ಷಗಾನ. ಕರಾವಳಿಯ ಮೇಳಗಳು ತಿರುಗಾಟಕ್ಕೆಂದು ಘಟ್ಟ ಹತ್ತಿ ಬರುವುದು ಹಳೆಯ ರೂಢಿ.

ಈ ಮೇಳಗಳಲ್ಲಿ ಎರಡು ಒಂದೇ ರಾತ್ರಿ ಒಂದೇ ಬಯಲಿನಲ್ಲಿ ಎದುರಾದರೆ ಏನಾಗುತ್ತದೆ? ಅದಕ್ಕೆ ಕರಾವಳಿಯ ಜನ ಎರಡು ಹೆಸರು ಕೊಟ್ಟಿದ್ದಾರೆ. ಒಂದು ಜೋಡಾಟ, ಇನ್ನೊಂದು ಕೂಡಾಟ. ಕೇಳಲು ಒಂದೇ ರೀತಿ ಎನಿಸಿದರೂ ಇವೆರಡರ ಸ್ವಭಾವ ಪೂರ್ತಿ ಬೇರೆ.

ಜೋಡಾಟದಲ್ಲಿ ಎರಡು ರಂಗಸ್ಥಳಗಳು ಅಕ್ಕಪಕ್ಕದಲ್ಲಿ ಸಜ್ಜಾಗುತ್ತವೆ. ಎರಡೂ ಮೇಳಗಳು ಅದೇ ಪ್ರಸಂಗವನ್ನು ಏಕಕಾಲಕ್ಕೆ ಆಡುತ್ತವೆ. ಇಲ್ಲಿ ಅರ್ಜುನ ಪ್ರವೇಶಿಸಿದರೆ ಅಲ್ಲಿಯೂ ಅರ್ಜುನ. ಇಲ್ಲಿ ಚೆಂಡೆ ಏರಿದರೆ ಅಲ್ಲಿಯೂ ಏರಬೇಕು. ಪ್ರೇಕ್ಷಕರು ತಮಗೆ ಹಿಡಿಸಿದ ಕಡೆಗೆ ಕತ್ತು ಹೊರಳಿಸುತ್ತಾರೆ, ಬೇಸರವಾದರೆ ಎದ್ದು ಆಚೆ ಹೋಗುತ್ತಾರೆ. ಯಾರ ಮುಂದೆ ಜನ ಹೆಚ್ಚು ನಿಂತರೋ ಅವರದೇ ಗೆಲುವು.

ಹಳೆಯ ತಂಡಗಳು ಒಟ್ಟಿಗೆ ಜನರ ಮುಂದೆ ಬರುವುದು ನಮ್ಮಲ್ಲಿ ಮಾತ್ರವಲ್ಲ. ಇಂಗ್ಲೆಂಡಿನ ಹಿರಿಯ ರಾಕ್ ತಂಡಗಳಾದ ಯೆಸ್ ಮತ್ತು ಏಷ್ಯಾ 2019ರಲ್ಲಿ ಅಮೆರಿಕದಲ್ಲಿ ಜೊತೆಯಾಗಿ ಪ್ರವಾಸ ಮಾಡಿದವು. ಆದರೆ ಅಲ್ಲಿ ಇದ್ದದ್ದು ಸರದಿ. ಒಂದು ತಂಡ ನುಡಿಸಿ ಇಳಿದ ಮೇಲೆ ಇನ್ನೊಂದು ಬರುತ್ತಿತ್ತು. ಜೋಡಾಟದಲ್ಲಿ ಸರದಿಯೇ ಇಲ್ಲ.

ಸರದಿ ಇಲ್ಲದ್ದರಿಂದಲೇ ಒಂದು ನಷ್ಟವೂ ಆಗುತ್ತದೆ. ಯಕ್ಷಗಾನದಲ್ಲಿ ಹಾಡು, ಕುಣಿತ, ವೇಷಗಳಷ್ಟೇ ಮುಖ್ಯವಾದದ್ದು ಮಾತು. ಭಾಗವತರು ಪದ್ಯ ಹಾಡಿ ಮುಗಿಸಿದ ಮೇಲೆ ವೇಷಧಾರಿ ಆ ಪದ್ಯದ ಅರ್ಥವನ್ನು ತನ್ನದೇ ಮಾತಿನಲ್ಲಿ, ಸ್ಥಳದಲ್ಲೇ ಕಟ್ಟಿ ಹೇಳುತ್ತಾನೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಪಕ್ಕದ ರಂಗಸ್ಥಳದಲ್ಲಿ ಚೆಂಡೆ ಮೊಳಗುತ್ತಿರುವಾಗ ಈ ಅರ್ಥಗಾರಿಕೆ ಯಾರ ಕಿವಿಗೂ ಬೀಳುವುದಿಲ್ಲ. ಹೀಗಾಗಿ ಜೋಡಾಟದಲ್ಲಿ ಮಾತು ತಾನಾಗಿಯೇ ಹಿಂದೆ ಸರಿಯುತ್ತದೆ. ಕುಣಿತದ ವೇಗ, ಕಿರೀಟ ವೇಷಗಳ ಸಂಖ್ಯೆ, ಚೆಂಡೆಯ ಅಬ್ಬರ ಮುಂದೆ ಬರುತ್ತವೆ. ಜಿದ್ದು ಹೆಚ್ಚಿದರೆ ಅಭಿಮಾನಿಗಳ ನಡುವೆ ಜಗಳ ಹತ್ತುವುದೂ ಉಂಟು.

ಕೂಡಾಟದ ಕ್ರಮವೇ ಬೇರೆ. ಇಲ್ಲಿ ರಂಗಸ್ಥಳ ಒಂದೇ. ಎರಡೂ ಮೇಳಗಳ ಕಲಾವಿದರು ಪಾತ್ರಗಳನ್ನು ಹಂಚಿಕೊಳ್ಳುತ್ತಾರೆ. ಕರ್ಣಾರ್ಜುನ ಕಾಳಗವಾದರೆ ಕರ್ಣ ಒಂದು ಮೇಳದವನು, ಅರ್ಜುನ ಇನ್ನೊಂದು ಮೇಳದವನು. ಭಾಗವತರು ಒಬ್ಬರ ನಂತರ ಒಬ್ಬರು ಹಾಡುತ್ತಾರೆ. ಕೆಲವೊಮ್ಮೆ ಇಬ್ಬರೂ ಜೊತೆಗೆ ಕುಳಿತು ದ್ವಂದ್ವ ಹಾಡುಗಾರಿಕೆ ನಡೆಸುತ್ತಾರೆ.

ಪೈಪೋಟಿ ಇಲ್ಲಿಯೂ ಇದೆ. ಆದರೆ ಎದುರಾಳಿಯ ಮಾತನ್ನು ಕೇಳಿಸಿಕೊಳ್ಳದೆ ಉತ್ತರ ಕೊಡಲಾಗುವುದಿಲ್ಲ. ಕರ್ಣನ ಮಾತು ಎಷ್ಟು ಬಿಗಿಯಾಗಿದೆಯೋ ಅರ್ಜುನನ ಉತ್ತರವೂ ಅಷ್ಟೇ ಬಿಗಿಯಾಗಬೇಕು. ಇಬ್ಬರಲ್ಲಿ ಒಬ್ಬ ಸೋತರೆ ಆಟವೇ ಸೋಲುತ್ತದೆ. ತೆಂಕುತಿಟ್ಟು, ಬಡಗುತಿಟ್ಟಿನವರು ಸೇರಿ ಆಡುವಾಗ ಕಷ್ಟ ಇನ್ನೂ ಹೆಚ್ಚು. ಎರಡು ತಿಟ್ಟುಗಳ ಹೆಜ್ಜೆ, ಚೆಂಡೆಯ ನುಡಿ, ವೇಷದ ಕಟ್ಟು ಬೇರೆ ಬೇರೆ. ಭಾಗವತರು ಪದ್ಯದ ಕಾಲವನ್ನು ಹಿಗ್ಗಿಸಿ, ಕುಗ್ಗಿಸಿ ಎದುರಿನ ಕಲಾವಿದನಿಗೆ ದಾರಿ ಮಾಡಿಕೊಡಬೇಕಾಗುತ್ತದೆ. ಭಾಗವತರನ್ನು ‘ಮೊದಲನೆಯ ವೇಷ’ ಎಂದು ಕರೆಯುವುದು ಸುಮ್ಮನಲ್ಲ. ರಂಗದ ಇಡೀ ನಡೆ ಅವರ ಕೈಯ ತಾಳದಲ್ಲಿರುತ್ತದೆ.

ಯಕ್ಷಗಾನವನ್ನು ಗಂಭೀರ ಅಧ್ಯಯನದ ವಿಷಯವಾಗಿಸಿದವರಲ್ಲಿ ಶಿವರಾಮ ಕಾರಂತರು ಪ್ರಮುಖರು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಕಲೆಯನ್ನು ಡೇರೆ ಮೇಳಗಳು ಟಿಕೆಟ್ಟಿನ ಆಟವಾಗಿ ಊರೂರಿಗೆ ಒಯ್ದವು. ದೊಡ್ಡ ಮೇಳಗಳ ಜೋಡಾಟವೆಂದರೆ ಗಲ್ಲಾಪೆಟ್ಟಿಗೆಗೂ ಭರವಸೆ, ಏಕೆಂದರೆ ಎರಡೂ ಕಡೆಯ ಅಭಿಮಾನಿಗಳು ಒಟ್ಟಿಗೆ ಬರುತ್ತಾರೆ.

ಇಂದು ಇನ್ನೊಂದು ಒತ್ತಡವಿದೆ. ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು 2000ದಲ್ಲಿ ಜಾರಿಗೆ ಬಂದು, ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿವೆ. ಬೆಳಗಿನ ಕೆಲಸಕ್ಕೆ ಹೋಗುವವರಿಗೆ ರಾತ್ರಿಯಿಡೀ ಕೂರುವುದೂ ಕಷ್ಟ. ಅನೇಕ ಮೇಳಗಳು ಕೆಲವೇ ತಾಸುಗಳ ಕಾಲಮಿತಿ ಆಟಕ್ಕೆ ಹೊಂದಿಕೊಂಡಿವೆ. ಸಮಯ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಮಾತಿಗೆ. ಎರಡು ಮೇಳಗಳು ಸೇರಿದರೆ ಆ ತಾಸುಗಳನ್ನೂ ಹಂಚಿಕೊಳ್ಳಬೇಕು.

ಆದ್ದರಿಂದ ಎರಡು ಮೇಳಗಳನ್ನು ಕರೆಸುವ ಊರಿನವರು ಮೊದಲು ಯೋಚಿಸಬೇಕಾದದ್ದು ಯಾರು ಗೆಲ್ಲುತ್ತಾರೆ ಎಂಬುದನ್ನಲ್ಲ. ಕರ್ಣನಿಗೂ ಅರ್ಜುನನಿಗೂ ಮಾತನಾಡಲು ಎಷ್ಟು ಹೊತ್ತು ಕೊಡುತ್ತೇವೆ ಎಂಬುದನ್ನು. ಆ ಹೊತ್ತು ಉಳಿದರೆ, ಆಟ ಮುಗಿದ ಮೇಲೂ ಮನೆಯ ದಾರಿಯಲ್ಲಿ ಆಡಿಕೊಳ್ಳಲು ಜನರಿಗೆ ಏನಾದರೂ ಇರುತ್ತದೆ.