ಲೆಕ್ಕಕ್ಕೊಬ್ಬ ಒಡೆಯ

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯ ರೈತರೊಬ್ಬರು ಇಂದು ಗಣಕಯಂತ್ರದಿಂದ ಪಹಣಿ ತೆಗೆಸಿದರೆ, ಹಿಂದಿನ ಶಾನುಭೋಗರ ಶಾಯಿಯ ರುಜುವನ್ನು ಅದರಲ್ಲಿ ಹುಡುಕಬೇಕಾಗಿಲ್ಲ. ‘ಭೂಮಿ’ ಯೋಜನೆಯು ಕರ್ನಾಟಕದ ಜಮೀನಿನ ದಾಖಲೆಗಳನ್ನು ಯಂತ್ರಕ್ಕೆ ಏರಿಸಿತು. ಕಾಲಕ್ರಮದಲ್ಲಿ ರುಜುವೂ ಅಂಕಿಗಳ ರೂಪ ತಾಳಿತು. ಅಂಕಿಗಳ ರುಜುವನ್ನು ನಂಬುವುದು ಹೇಗೆ? ಗಣಿತದ ಬಲದಿಂದ. ಆ ಗಣಿತಕ್ಕೇ ಒಬ್ಬ ಒಡೆಯನಿದ್ದರೆ ಏನಾದೀತು ಎಂಬುದು ಈ ಹೊತ್ತಿನ ವಿಚಾರ.

61ನ್ನು 53ರಿಂದ ಗುಣಿಸಿ 3233 ಎಂದು ಹೇಳುವುದು ಶಾಲೆಯ ಮಗುವಿಗೂ ಸಾಧ್ಯ. 3233ನ್ನು ಕೊಟ್ಟು, ಯಾವ ಎರಡರ ಗುಣಲಬ್ಧ ಇದು ಎಂದು ಕೇಳಿದರೆ ದೊಡ್ಡವರೂ ತಡವರಿಸಬೇಕು. ಸಂಖ್ಯೆಯು ನೂರಾರು ಅಂಕಿಗಳಷ್ಟು ಬೆಳೆದರೆ ಯಂತ್ರವೂ ಸೋಲುತ್ತದೆ. ಈ ತೊಡಕನ್ನೇ ನೆಚ್ಚಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು 1977ರಲ್ಲಿ ಒಂದು ಬೀಗವನ್ನು ರೂಪಿಸಿದರು. ರುಜು ಹಾಕುವ ಕೀಲಿ ಒಬ್ಬರಲ್ಲಿ ಗುಟ್ಟಾಗಿರುತ್ತದೆ. ಅದನ್ನು ಪರೀಕ್ಷಿಸುವ ಕೀಲಿ ಎಲ್ಲರಿಗೂ ಬಹಿರಂಗ. 1983ರಲ್ಲಿ ಅಮೆರಿಕವು ಇದಕ್ಕೆ ಪೇಟೆಂಟ್ ನೀಡಿತು. ಅರ್ಜಿ ಸಲ್ಲಿಸುವ ಮೊದಲೇ ವಿಷಯವು ಪ್ರಕಟವಾಗಿದ್ದುದರಿಂದ ಹೊರದೇಶಗಳಲ್ಲಿ ಆ ಹಕ್ಕು ಸಿಗಲಿಲ್ಲ. ಅಮೆರಿಕದಲ್ಲಿಯೂ ಅದು 2000ದ ಸೆಪ್ಟೆಂಬರಿನಲ್ಲಿ ಮುಗಿಯಿತು. ಡಿಜಿಟಲ್ ರುಜುವಿಗೆ ಮಾನ್ಯತೆ ಕೊಟ್ಟ ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದದ್ದು ಅದರ ಮರುತಿಂಗಳು!

ಲಿನಕ್ಸ್‌ನಂಥ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು. ನಕಲುಗಳ ಲೆಕ್ಕವೇ ಇಲ್ಲದ ಕಡೆ ನಕಲಿಗಿಷ್ಟೆಂದು ರಾಯಧನ ಕಟ್ಟುವವರಾರು? ಆದ್ದರಿಂದ, ಬಿಡಿ ತಂತ್ರಾಂಶಗಳನ್ನು ಪೊಟ್ಟಣ ಕಟ್ಟಿ ಹಂಚುವವರು ಪೇಟೆಂಟಿನ ಭಯವಿರುವ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಡೆಬಿಯನ್ ಬಳಗದವರು ಮುಖ್ಯವಾಗಿ ಅಮೆರಿಕದ ರಫ್ತು ನಿರ್ಬಂಧಕ್ಕೆ ಅಂಜಿ, ಗೂಢಲಿಪಿಯ ಪೊಟ್ಟಣಗಳಿಗೆಂದೇ ಆ ದೇಶದ ಹೊರಗೆ ಪ್ರತ್ಯೇಕ ಉಗ್ರಾಣವನ್ನಿಟ್ಟಿದ್ದರು. 2002ರಲ್ಲಿ ಅವನ್ನು ಮುಖ್ಯ ಉಗ್ರಾಣಕ್ಕೆ ತರಲಾರಂಭಿಸಿದರು. ಫೆಡೋರಾದ ಕಥೆ ಇನ್ನೂ ವಿಚಿತ್ರ. ದೀರ್ಘವೃತ್ತೀಯ ವಕ್ರರೇಖೆಗಳನ್ನು ಆಧರಿಸಿದ ಗೂಢಲಿಪಿಯ ಮೂಲ ಕಲ್ಪನೆ 1985ರದು, ಅದಕ್ಕೆ ಪೇಟೆಂಟ್ ಇರಲಿಲ್ಲ. ಅದನ್ನು ಚುರುಕಾಗಿ ನಡೆಸುವ ಕೆಲವು ಉಪಾಯಗಳ ಮೇಲೆ ಮಾತ್ರ ಕೆನಡದ ಸರ್ಟಿಕಾಂ ಕಂಪನಿಗೆ ಹಕ್ಕುಗಳಿದ್ದವು. ಆ ಅಂಜಿಕೆಯಿಂದ ಫೆಡೋರಾದವರು ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದ ಮೂಲಬರಹದಿಂದಲೇ ಆ ಭಾಗವನ್ನು ಅಳಿಸಿ, ಉಳಿದುದನ್ನು ಹಂಚಿದರು. ಬೇಲಿಗೆ ಹೆದರಿ ಹೊಲವನ್ನೇ ಬಿಟ್ಟಂತೆ!

ನಮ್ಮ ಪೇಟೆಂಟ್ ಕಾಯಿದೆಯಾದರೋ ಗಣಿತದ ವಿಧಾನವನ್ನೂ ಗಣಕದ ಕ್ರಮವಿಧಿಯನ್ನೂ, ಅವು ಬರಿಯ ಅಷ್ಟೇ ಆಗಿರುವಾಗ, ಆವಿಷ್ಕಾರವೆಂದು ಎಣಿಸುವುದಿಲ್ಲ. 2004ರ ಸುಗ್ರೀವಾಜ್ಞೆಯು ಇದನ್ನು ಸಡಿಲಿಸಹೊರಟಿತು. 2005ರಲ್ಲಿ ಸಂಸತ್ತು ಆ ತಿದ್ದುಪಡಿಯನ್ನು ಕೈಬಿಟ್ಟಿತು. ಆದರೇನು? ಪೊಟ್ಟಣ ಕಟ್ಟುವಾಗ ಅಮೆರಿಕದ ಕಾನೂನಿಗೆ ಅಂಜಿದರೆ, ಆ ಅಂಜಿಕೆಯೂ ಪೊಟ್ಟಣದೊಡನೆ ತುಮಕೂರಿಗೆ ಬರುತ್ತದೆ. 2012ರಲ್ಲಿ ಇಲ್ಲಿನ ವಿದ್ಯಾರ್ಥಿಯೊಬ್ಬನು ಫೆಡೋರಾವನ್ನು ಸ್ಥಾಪಿಸಿಕೊಂಡಿದ್ದರೆ, ಇಲ್ಲಿನ ಕಾನೂನು ತಡೆಯದಿದ್ದ ವಿದ್ಯೆ ಅವನ ಯಂತ್ರದಲ್ಲಿ ಇರುತ್ತಿರಲಿಲ್ಲ.

2013ರಲ್ಲಿ ಫೆಡೋರಾ ಆ ಬಾಗಿಲನ್ನು ತೆರೆಯಿತು. ಆಗಲೂ ಆಯ್ದ ಕೆಲವು ರೇಖೆಗಳಿಗಷ್ಟೇ ಪ್ರವೇಶ; ಉಳಿದವು ಬೇಕೆಂದವರು ಓಪನ್‌ಎಸ್‌ಎಸ್‌ಎಲ್‌ನ ಮೂಲಬರಹವನ್ನು ತಾವೇ ತರಿಸಿಕೊಂಡು ಕಟ್ಟಿಕೊಳ್ಳಬೇಕಾಗಿತ್ತು.