ಮೇಲೆ ಮೆಟ್ರೋ, ಕೆಳಗೆ ಜಾಮ್

ಮಾನ್ವಿ, ದೇವದುರ್ಗದ ಕಡೆಯಿಂದ ಬೆಂಗಳೂರಿಗೆ ಗುಳೆ ಹೋದವರು ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದರೆ ಎರಡು ಸುದ್ದಿ ತಪ್ಪದೆ ತರುತ್ತಾರೆ. ಒಂದು, ಕಂಬದ ಮೇಲೆ ಓಡುವ ತಣ್ಣನೆಯ ರೈಲಿನದು. ಇನ್ನೊಂದು, ಅದೇ ಕಂಬದ ಬುಡದಲ್ಲಿ ಗಂಟೆಗಟ್ಟಲೆ ನಿಂತ ಬಸ್ಸಿನದು. ಕೇಳಿಸಿಕೊಂಡ ಹಿರಿಯರು ಯಾರಾದರೂ ಸುಮ್ಮನಿರುತ್ತಾರೆಯೇ? ಅಷ್ಟು ಸಾವಿರ ಕೋಟಿ ಸುರಿದು ರೈಲು ಬಿಟ್ಟ ಮೇಲೂ ರಸ್ತೆ ಯಾಕೆ ಖಾಲಿಯಾಗಲಿಲ್ಲ ಎಂದು ಕೇಳಿಯೇ ಕೇಳುತ್ತಾರೆ. ನಗರ ಸಾರಿಗೆಯ ತಜ್ಞರು ಅರವತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವ ಪ್ರಶ್ನೆಯೂ ಇದೇ.

ನಮ್ಮ ಮೆಟ್ರೋಗೆ ಶಂಕುಸ್ಥಾಪನೆ ಆದದ್ದು 2006ರ ಜೂನ್‌ನಲ್ಲಿ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ರೈಲು ಓಡಿತು. 42 ಕಿ.ಮೀ.ಗಳ ಮೊದಲ ಹಂತ ಮುಗಿಯುವ ಹೊತ್ತಿಗೆ 2017ರ ಜೂನ್ ಬಂದಿತ್ತು. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ ಪೂರ್ತಿಯಾಗಿ ತೆರೆದದ್ದು 2023ರ ಅಕ್ಟೋಬರ್‌ನಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ 19 ಕಿ.ಮೀ.ಗಳ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬಂತು. ಅದು ಬಂದ ದಿನಗಳಲ್ಲೇ ಮೆಟ್ರೋ ಹತ್ತುವವರ ಸಂಖ್ಯೆ ದಿನಕ್ಕೆ 10 ಲಕ್ಷ ದಾಟಿತು.

ಹತ್ತು ಲಕ್ಷ ಸಣ್ಣ ಸಂಖ್ಯೆಯಲ್ಲ. ಆರು ಬೋಗಿಯ ಒಂದು ರೈಲು ದಟ್ಟಣೆಯ ಹೊತ್ತಿನಲ್ಲಿ 1,500 ಜನರನ್ನು ಸುಲಭವಾಗಿ ಹೊರುತ್ತದೆ. ಐದು ನಿಮಿಷಕ್ಕೊಂದು ರೈಲು ಬಿಟ್ಟರೆ ಗಂಟೆಗೆ 18,000 ಜನ ಒಂದು ದಿಕ್ಕಿಗೆ ಸಾಗುತ್ತಾರೆ. ಒಬ್ಬೊಬ್ಬರೇ ಕೂತ ಕಾರುಗಳು ಅಷ್ಟು ಜನರನ್ನು ಸಾಗಿಸಬೇಕಾದರೆ ಒಂದೊಂದು ದಿಕ್ಕಿಗೂ ಹತ್ತು ಸಾಲಿನ ರಸ್ತೆ ಬೇಕಾದೀತು. ಅಂಥ ರಸ್ತೆ ಬೆಂಗಳೂರಿನಲ್ಲಿ ಎಲ್ಲಿದೆ? ಆದರೂ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕ ನೋಡಿದರೆ ಬೆಂಗಳೂರಿನಲ್ಲಿ 10 ಕಿ.ಮೀ. ವಾಹನದಲ್ಲಿ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಹಿಡಿಯಿತು. ಜಗತ್ತಿನ ಅತಿ ನಿಧಾನದ ನಗರಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನ. ನಿಲ್ದಾಣಗಳಲ್ಲಿ ನಿಲ್ಲುತ್ತಾ ಹೋಗುವ ಮೆಟ್ರೋ ಅಷ್ಟೇ ದೂರವನ್ನು ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತದೆ.

ರೈಲು ಹೊತ್ತೊಯ್ದ ಜನರ ಜಾಗ ರಸ್ತೆಯಲ್ಲಿ ಎಲ್ಲಿ ಹೋಯಿತು? ಇದನ್ನು ರಾಯಚೂರು ಜಿಲ್ಲೆಯವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ, ತುಂಗಭದ್ರಾ ಎಡದಂಡೆ ನಾಲೆಯನ್ನು ನೋಡಿದರೆ ಸಾಕು. ಯೋಜನೆ ಹಾಕಿದವರು ನಾಲೆಯ ಬಹುಭಾಗಕ್ಕೆ ಜೋಳ, ಹತ್ತಿ, ಶೇಂಗಾದಂಥ ಮಿತನೀರಿನ ಬೆಳೆಗಳನ್ನು ಗೊತ್ತು ಮಾಡಿದ್ದರು. ನೀರು ಹರಿದ ಮೇಲೆ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ನಾಲೆ ದುರಸ್ತಿ ಮಾಡಿ ಒಂದಿಷ್ಟು ನೀರು ಹೆಚ್ಚಿಗೆ ಹರಿಸಿದರೆ ಆ ನೀರೂ ಮೇಲಿನ ಗದ್ದೆಗಳಿಗೇ ಇಳಿಯುತ್ತದೆ. ಮಾನ್ವಿ, ರಾಯಚೂರಿನ ಕೊನೆಭಾಗದ ರೈತರು ಮಾತ್ರ ನಾಲೆಯ ನೀರಿನ ಗೇಜ್ ಎಷ್ಟಿದೆ ಎಂದು ಕೇಳುತ್ತಾ ವರ್ಷ ವರ್ಷ ರಸ್ತೆ ತಡೆ ಮಾಡುತ್ತಲೇ ಇರುತ್ತಾರೆ. ಕೊರತೆ ಇರುವಲ್ಲಿ ಪುಕ್ಕಟೆಯಾಗಿ ಬಿಟ್ಟದ್ದು ಯಾವುದೂ ಉಳಿಯುವುದಿಲ್ಲ. ನಗರದ ರಸ್ತೆಯೂ ಹಾಗೆಯೇ.

ಇದನ್ನು ಸಿದ್ಧಾಂತವಾಗಿ ಮೊದಲು ಬರೆದವರಲ್ಲಿ ಅಮೆರಿಕದ ಆಂಥೊನಿ ಡೌನ್ಸ್ ಒಬ್ಬರು. ಅವರ ಪ್ರಬಂಧ ಬಂದದ್ದು 1962ರಲ್ಲಿ. ಅವರ ವಾದ ಸರಳ. ಬೆಳಿಗ್ಗೆ ಒಂಬತ್ತಕ್ಕೆ ಒಂದು ರಸ್ತೆ ಸ್ವಲ್ಪ ಹಗುರವಾಯಿತು ಎಂದುಕೊಳ್ಳಿ. ಜಾಮ್‌ಗೆ ಹೆದರಿ ಏಳೂವರೆಗೇ ಹೊರಡುತ್ತಿದ್ದವರು ಒಂಬತ್ತಕ್ಕೆ ಹೊರಡತೊಡಗುತ್ತಾರೆ. ಸುತ್ತುದಾರಿ ಹಿಡಿದಿದ್ದವರು ನೇರ ದಾರಿಗೆ ಮರಳುತ್ತಾರೆ. ಬೇಸತ್ತು ಬಸ್ಸು ಹತ್ತುತ್ತಿದ್ದವರು ಬೈಕ್ ತೆಗೆಯುತ್ತಾರೆ. ಇವರ ಜೊತೆಗೆ ಮನೆಯಲ್ಲೇ ಉಳಿಯುತ್ತಿದ್ದವರೂ ಇದ್ದಾರೆ. ರಸ್ತೆ ಚೆನ್ನಾಗಿದೆಯಲ್ಲ, ಹೋಗಿಬರೋಣ ಅನ್ನುವವರು. ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ರಸ್ತೆ ಹಳೆಯ ಗತಿಗೆ ಬರುತ್ತದೆ. ಬೆಂಗಳೂರಿನಂಥ ಬೆಳೆಯುವ ಊರಿನಲ್ಲಿ ಇದಕ್ಕೆ ಇನ್ನೊಂದು ಸೇರಿಸಬೇಕು: ಮೆಟ್ರೋ ಬರುವ ಸುದ್ದಿ ಹಬ್ಬಿದೊಡನೆ ಆ ಹಾದಿಯ ಅಕ್ಕಪಕ್ಕ ಅಪಾರ್ಟ್‌ಮೆಂಟ್‌ಗಳು ಏಳುತ್ತವೆ, ಒಂದೊಂದರ ಕೆಳಗೂ ಎರಡೆರಡು ಅಂತಸ್ತಿನ ಕಾರ್ ಪಾರ್ಕಿಂಗ್. ನಿಲ್ದಾಣದ ಪಕ್ಕದ ಮನೆ ಎಂದು ಹೆಚ್ಚಿನ ದುಡ್ಡು ಕೊಟ್ಟವರು ಕಾರನ್ನೂ ಜೊತೆಗೇ ತರುತ್ತಾರೆ.

ಮೆಟ್ರೋಗೆ ಬಂದವರು ಎಲ್ಲಿಂದ ಬಂದರು ಎಂಬುದೂ ಮುಖ್ಯ. ಕಾರು ಬಿಟ್ಟು ಬಂದರೆ ರಸ್ತೆಗೆ ಲಾಭ. ಬಸ್ಸು ಬಿಟ್ಟು ಬಂದರೆ ಅವರಿಗೆ ಸುಖವಾಯಿತು, ರಸ್ತೆಗೆ ಹೆಚ್ಚೇನೂ ಆಗಲಿಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು 1 ಕೋಟಿ ದಾಟಿವೆ. ಅವುಗಳಲ್ಲಿ ದೊಡ್ಡ ಪಾಲು ದ್ವಿಚಕ್ರ ವಾಹನಗಳದು. ಈ ಬೈಕಿನವನ ಲೆಕ್ಕ ಗಟ್ಟಿ. ಲೀಟರಿಗೆ 50 ಕಿ.ಮೀ. ಕೊಡುವ ಗಾಡಿಗೆ, ಪೆಟ್ರೋಲ್ ನೂರು ರೂಪಾಯಿ ಎಂದಿಟ್ಟುಕೊಂಡರೆ, ಕಿ.ಮೀ.ಗೆ ಬೀಳುವುದು ಎರಡು ರೂಪಾಯಿ. ಹಿಂದೆ ಗೆಳೆಯನನ್ನೋ ಹೆಂಡತಿಯನ್ನೋ ಕೂರಿಸಿಕೊಂಡರೆ ತಲೆಗೆ ಒಂದೇ ರೂಪಾಯಿ. ಮನೆ ಬಾಗಿಲಿನಿಂದ ಕೆಲಸದ ಬಾಗಿಲಿಗೆ, ನಡುವೆ ಎಲ್ಲೂ ಇಳಿದು ಹತ್ತುವ ಗೊಡವೆ ಇಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಏರಿದ ವಾರಗಳಲ್ಲಿ ಪ್ರಯಾಣಿಕರು ಕಡಿಮೆಯಾದರು. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ನಿಲ್ದಾಣದವರೆಗೆ ಆಟೋ, ಅಲ್ಲಿಂದ ಮೆಟ್ರೋ, ಇಳಿದ ಮೇಲೆ ಮತ್ತೊಂದು ಆಟೋ ಎಂದು ಕೂಡಿಸುತ್ತಾ ಹೋದರೆ ದಿನಗೂಲಿಯವನಿಗೆ ಮೆಟ್ರೋ ನೋಡಲಷ್ಟೇ ಚಂದ.

ಹಾಗಾದರೆ ಮೆಟ್ರೋದಿಂದ ರಸ್ತೆಗೆ ಪ್ರಯೋಜನವೇ ಇಲ್ಲವೆ? ಇಲ್ಲ ಅನ್ನುವವರ ಕೈಯಲ್ಲಿ ಒಂದು ದೊಡ್ಡ ಅಧ್ಯಯನವಿದೆ. ಡ್ಯುರಾಂಟನ್ ಮತ್ತು ಟರ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ನಗರಗಳ ಅಂಕಿಅಂಶ ಮುಂದಿಟ್ಟು, ಹೆದ್ದಾರಿ ಶೇ 10 ಹೆಚ್ಚಿದರೆ ವಾಹನಗಳ ಓಡಾಟವೂ ಹೆಚ್ಚೂಕಡಿಮೆ ಅಷ್ಟೇ ಹೆಚ್ಚುತ್ತದೆ, ಸಾರ್ವಜನಿಕ ಸಾರಿಗೆ ಹೆಚ್ಚಿಸಿದರೂ ಆ ಓಡಾಟ ತಗ್ಗಿದ್ದಕ್ಕೆ ಪುರಾವೆ ಕಾಣುವುದಿಲ್ಲ ಎಂದರು. ಚೀನಾದ ಲೆಕ್ಕ ಬೇರೆ. ಅಲ್ಲಿ 2016–17ರಲ್ಲಿ ತೆರೆದ 45 ಸುರಂಗ ರೈಲು ಮಾರ್ಗಗಳನ್ನು ಪರಿಶೀಲಿಸಿದವರಿಗೆ, ದಟ್ಟಣೆಯ ಹೊತ್ತಿನಲ್ಲಿ ಅಕ್ಕಪಕ್ಕದ ರಸ್ತೆಗಳ ವೇಗ ಸುಮಾರು ಶೇ 4 ಹೆಚ್ಚಿದ್ದು ಕಂಡಿತು. ಗಂಟೆಗೆ 20 ಕಿ.ಮೀ. ವೇಗದ ರಸ್ತೆ 20.8ಕ್ಕೆ ಏರಿದಂತೆ. ಹತ್ತು ಕಿ.ಮೀ. ದಾರಿಯಲ್ಲಿ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಉಳಿಯಿತು, ಅಷ್ಟೇ. ಕಾರಿನಲ್ಲಿ ಕೂತವರಿಗೆ ಇದು ಗೊತ್ತೂ ಆಗುವುದಿಲ್ಲ. ಲಕ್ಷಾಂತರ ಜನರ ನಿಮಿಷಗಳನ್ನು ಕೂಡಿಸಿದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ನನಗೆ ಹೆಚ್ಚು ಮನಮುಟ್ಟಿದ ಪುರಾವೆ ಲಾಸ್ ಏಂಜಲೀಸ್‌ನದು. ಅದು ಕಾರುಗಳದೇ ಊರು; ಬಸ್ಸು, ರೈಲು ಹತ್ತುವವರು ತೀರ ಕಡಿಮೆ. 2003ರಲ್ಲಿ ಸಾರಿಗೆ ನೌಕರರು 35 ದಿನ ಮುಷ್ಕರ ಹೂಡಿದರು. ಆಗ ಹೆದ್ದಾರಿಗಳಲ್ಲಿ ಸರಾಸರಿ ವಿಳಂಬ ಶೇ 47 ಏರಿತು ಎಂದು ಮೈಕೆಲ್ ಆಂಡರ್ಸನ್ ಎಂಬ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅಷ್ಟು ಸ್ವಲ್ಪ ಜನ ರಸ್ತೆಗಿಳಿದದ್ದಕ್ಕೆ ಇಷ್ಟು ಜಾಮ್ ಯಾಕೆ? ಬಸ್ಸು, ರೈಲು ಹಿಡಿಯುವವರು ಊರಿನ ಅತಿ ದಟ್ಟಣೆಯ ಹಾದಿಗಳಲ್ಲೇ, ಅತಿ ದಟ್ಟಣೆಯ ಹೊತ್ತಿನಲ್ಲೇ ಓಡಾಡುವವರು. ಮೊದಲೇ ತುಂಬಿದ ರಸ್ತೆಗೆ ಕೊನೆಯಲ್ಲಿ ಸೇರಿದ ನೂರು ಗಾಡಿ ಮೊದಲ ಸಾವಿರಕ್ಕಿಂತ ಹೆಚ್ಚು ಕಾಟ ಕೊಡುತ್ತವೆ. ಬೆಂಗಳೂರಿನಲ್ಲಿ ಒಂದು ದಿನ ಮೆಟ್ರೋ ನಿಲ್ಲಲಿ, ವೈಟ್‌ಫೀಲ್ಡ್ ರಸ್ತೆಯ ಗತಿಯನ್ನು ಊಹಿಸಿಕೊಳ್ಳಿ.

ಇನ್ನೊಂದು ಸೂಕ್ಷ್ಮವಿದೆ, ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳೇ ಅದು. ಜನ ಜಾಣರು, ರಸ್ತೆಯಲ್ಲಿ ಹೋದರೆ ಬೇಗವೋ ರೈಲಿನಲ್ಲಿ ಹೋದರೆ ಬೇಗವೋ ಎಂದು ದಿನವೂ ತೂಗುತ್ತಾರೆ. ರೈಲಿನ ಹಾದಿ ಮನೆಯಿಂದ ಕಚೇರಿಗೆ ಒಂದು ಗಂಟೆ ಹಿಡಿದರೆ, ರಸ್ತೆಯೂ ಒಂದು ಗಂಟೆ ಹಿಡಿಯುವವರೆಗೆ ಜನ ಗಾಡಿ ತೆಗೆಯುತ್ತಲೇ ಇರುತ್ತಾರೆ. ರೈಲಿನ ಹಾದಿ ನಲವತ್ತೈದು ನಿಮಿಷಕ್ಕೆ ಇಳಿದರೆ, ರಸ್ತೆ ನಲವತ್ತೈದು ನಿಮಿಷ ದಾಟಿದೊಡನೆ ಒಂದಿಷ್ಟು ಜನ ರೈಲಿಗೆ ಜಾರುತ್ತಾರೆ. ಅಂದರೆ ರಸ್ತೆಯ ಜಾಮ್ ಎಷ್ಟರವರೆಗೆ ಹದಗೆಡಬಹುದು ಎಂಬುದಕ್ಕೆ ರೈಲು ಒಂದು ಮಿತಿ ಹಾಕುತ್ತದೆ. ಇದೇ ಡೌನ್ಸ್ ಮತ್ತು ಥಾಮ್ಸನ್ ಎಂಬ ಇನ್ನೊಬ್ಬರ ಹೆಸರಿನಲ್ಲಿ ಈ ವಿಚಾರ ಚಾಲ್ತಿಯಲ್ಲಿದೆ. ಆದರೆ ಇಲ್ಲಿ ರೈಲಿನ ವೇಗವೊಂದೇ ಲೆಕ್ಕಕ್ಕೆ ಸಾಲದು, ಬಾಗಿಲಿನಿಂದ ಬಾಗಿಲಿಗೆ ಹಿಡಿಯುವ ಒಟ್ಟು ಹೊತ್ತು ಬೇಕು. ಹಳದಿ ಮಾರ್ಗ ಮೂರೇ ರೈಲುಗಳಿಂದ ಶುರುವಾಯಿತು, 25 ನಿಮಿಷಕ್ಕೊಂದು. ಬೊಮ್ಮಸಂದ್ರದಲ್ಲಿ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಒಂದು ರೈಲು ಕಣ್ಣೆದುರೇ ಹೋದರೆ, ಮುಂದಿನದಕ್ಕೆ ಕಾಯುವ ಹೊತ್ತಿನಲ್ಲಿ ಬೈಕಿನವನು ಎಲೆಕ್ಟ್ರಾನಿಕ್ ಸಿಟಿ ದಾಟಿರುತ್ತಾನೆ. ಹೊಸ ರೈಲುಗಳು ಸೇರಿದಂತೆ ಆ ಅಂತರ ತಗ್ಗುತ್ತಾ ಬಂತು. ಪ್ರತಿ ನಿಮಿಷ ತಗ್ಗಿದ್ದೂ ಕೆಳಗಿನ ಹೊಸೂರು ರಸ್ತೆಗೆ ಸಿಕ್ಕ ಮದ್ದೇ. ಹಾಗೆ ನೋಡಿದರೆ ನಿಲ್ದಾಣದ ಹೊರಗಿನ ಒಡೆದ ಫುಟ್‌ಪಾತ್, ಮೇಲೆ ಕಲ್ಲು ಸರಿದ ಚರಂಡಿ, ಬೀದಿದೀಪ ಇಲ್ಲದ ಗಲ್ಲಿ ಇವೆಲ್ಲ ಕಾರಿನವರ ತಲೆನೋವೂ ಹೌದು. ನಿಲ್ದಾಣಕ್ಕೆ ನಡೆಯಲಾಗದೆ ಸ್ಕೂಟರ್ ಹತ್ತಿದ ಹುಡುಗಿ ಅವರ ಮುಂದಿನ ಸಿಗ್ನಲ್‌ನಲ್ಲೇ ನಿಂತಿರುತ್ತಾಳೆ.

ಮೆಟ್ರೋ ಕಟ್ಟುವಾಗಿನ ಕಷ್ಟ ಬೇರೆಯೇ. ವರ್ಷಗಟ್ಟಲೆ ಬ್ಯಾರಿಕೇಡ್ ಹಾಕಿ ರಸ್ತೆಯನ್ನು ಅರ್ಧಕ್ಕಿಳಿಸುತ್ತಾರೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಹೊರವರ್ತುಲ ರಸ್ತೆಯವರನ್ನು ಕೇಳಿದರೆ ಅದರ ಕಥೆ ಹೇಳುತ್ತಾರೆ.

ಖಾಲಿಯಾದ ರಸ್ತೆ ಮತ್ತೆ ತುಂಬದಂತೆ ತಡೆಯುವ ದಾರಿ ಉಂಟು, ಆದರೆ ಅದು ಯಾವ ಶಾಸಕರಿಗೂ ರುಚಿಸುವುದಿಲ್ಲ. ನಾಲೆಯಲ್ಲಿ ಸರದಿಯಂತೆ ನೀರು ಬಿಡುವ ವಾರಾಬಂದಿ ಮಾಡಿದಂತೆ ರಸ್ತೆಗೂ ಒಂದು ಕಟ್ಟುಪಾಡು ಬೇಕು. ಸಿಂಗಪುರ 1975ರಲ್ಲೇ ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ಶುಲ್ಕ ಹಾಕಿತು. ಅಲ್ಲಿ ಮೆಟ್ರೋ ಬಂದದ್ದು 1987ರಲ್ಲಿ. ಸ್ಟಾಕ್‌ಹೋಮ್ 2006ರಲ್ಲಿ ಏಳು ತಿಂಗಳ ಮಟ್ಟಿಗೆ ಪ್ರಯೋಗವೆಂದು ಶುಲ್ಕ ಹಾಕಿದಾಗ ಆ ಶುಲ್ಕವಲಯದ ಗಡಿ ದಾಟುವ ವಾಹನಗಳು ಶೇ 20ರಷ್ಟು ಕಡಿಮೆಯಾದವು. ಶುಲ್ಕ ತೆಗೆದಾಗ ಬಹುಪಾಲು ಮರಳಿದವು. ಮರುವರ್ಷ ಅದನ್ನು ಕಾಯಂ ಮಾಡಿದರು. ನಮ್ಮಲ್ಲಿ ಸಾರ್ವಜನಿಕ ರಸ್ತೆಯ ಬದಿಯಲ್ಲಿ ರಾತ್ರಿಯಿಡೀ ಕಾರು ನಿಲ್ಲಿಸಲು ಬಹುತೇಕ ಕಡೆ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಅದೇ ಜಾಗದಲ್ಲಿ ತಳ್ಳುಗಾಡಿ ನಿಲ್ಲಿಸಿದವನನ್ನು ಮಾತ್ರ ಎಬ್ಬಿಸುತ್ತಾರೆ.

ಇನ್ನು ನಮ್ಮ ಕಡೆಯ ಮಾತು. ರಾಯಚೂರಿಗೆ ಮೆಟ್ರೋ ಬೇಕು ಎಂದು ಯಾರೂ ಕೇಳಿಲ್ಲ, ಕೇಳಲೂಬಾರದು. 2011ರ ಜನಗಣತಿಯಲ್ಲಿ 2.3 ಲಕ್ಷದಷ್ಟಿದ್ದ ಊರಿಗೆ ಹೊತ್ತಿಗೆ ಸರಿಯಾಗಿ ಬರುವ ಸಿಟಿ ಬಸ್ಸೇ ಧಾರಾಳ. ತೀನ್ ಕಂದೀಲ್ ಸುತ್ತಿನ ಇಕ್ಕಟ್ಟಿಗೆ ಮದ್ದು ರೈಲಿನಲ್ಲಿ ಇಲ್ಲ. ಮೇಲೆ ಹೇಳಿದ ಬಾಗಿಲಿನಿಂದ ಬಾಗಿಲಿನ ಲೆಕ್ಕ ಮಾತ್ರ ಇಲ್ಲಿಗೂ ಬೇಗ ಬರಲಿದೆ. ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲೇ ಕೂಡಿದ್ದರೂ ಮಾನ್ವಿ, ದೇವದುರ್ಗಕ್ಕೆ ರೈಲಿನ ಭಾಗ್ಯ ಬರಲಿಲ್ಲ. ಗಿಣಿಗೇರಾ–ರಾಯಚೂರು ಮಾರ್ಗದಲ್ಲಿ ಸಿಂಧನೂರಿಗೆ ರೈಲು ಮುಟ್ಟಿದ್ದು 2024ರ ಮಾರ್ಚ್‌ನಲ್ಲಿ. ಅಲ್ಲಿಂದ ಮಾನ್ವಿಯ ಮೇಲೆ ರಾಯಚೂರಿಗೆ ಹಳಿ ಕೂಡಬೇಕು. ಇಂದು ಆ ದಾರಿಯ ಬಸ್ಸು, ಕ್ರೂಸರ್, ಭತ್ತದ ಲಾರಿ ಎಲ್ಲವೂ ಕಲ್ಮಲ ದಾಟಿಯೇ ರಾಯಚೂರು ಸೇರುತ್ತವೆ. ರೈಲು ಬಂದ ಮೇಲೆ ಕಲ್ಮಲ ಕ್ರಾಸ್ ಎಷ್ಟು ಹಗುರವಾದೀತು ಎಂಬುದು ದಿನಕ್ಕೆ ಎಷ್ಟು ಗಾಡಿ ಬಿಡುತ್ತಾರೆ, ಮಾನ್ವಿಯ ನಿಲ್ದಾಣ ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ ಬೀಳುತ್ತದೆ, ಆ ದೂರಕ್ಕೆ ಆಟೋದವರು ಎಷ್ಟು ಕೇಳುತ್ತಾರೆ ಎಂಬುದರ ಮೇಲೆ ನಿಂತಿದೆ.